ಒಂದು ಅಕ್ಷರ ಸೇರಿಸಿ ಕಳೆದುಕೊಂಡ ನಲವತ್ತು ಪುಟ

ಹೊಲಿಗೆ ಯಂತ್ರ ರಿಪೇರಿಯಲ್ಲಿ ಮಷಿನಕ್ಕನದು ಎತ್ತಿದ ಕೈ. ಲಾಂಡ್ರಿಗೂ ಔಷಧಿ ಅಂಗಡಿಗೂ ನಡುವಿನ ಇಕ್ಕಟ್ಟಾದ ಕೋಣೆ, ಎಣ್ಣೆಯ ವಾಸನೆ, ಗೋಡೆಯ ತುಂಬ ಬೆಲ್ಟುಗಳು. ಚಕ್ರವನ್ನು ಒಮ್ಮೆ ತಿರುಗಿಸಿ ಕಿವಿಗೊಟ್ಟರೆ ಸಾಕು, ರೋಗ ಎಲ್ಲಿದೆ ಎಂದು ಹೇಳಿಬಿಡುತ್ತಿದ್ದಳು. ಹನ್ನೊಂದು ವರ್ಷದ ಹಿಂದೆ ಅವಳು ಹೇಳಿದ್ದನ್ನೆಲ್ಲ ನಾದಿನಿ ಬರೆದುಕೊಂಡು ವೆಬ್‌ಸೈಟ್ ಮಾಡಿದ್ದಳು. ದಾರ ಯಾಕೆ ತುಂಡಾಗುತ್ತದೆ, ಕೆಳಗಿನ ದಾರ ಸುತ್ತಿದ ಬಾಬಿನ್ ಯಾಕೆ ಸಿಕ್ಕಿಕೊಳ್ಳುತ್ತದೆ, ಹೀಗೆ ನಲವತ್ತು ಪುಟ. ಇಂಟರ್ನೆಟ್‌ನಲ್ಲಿ ಯಾರು ಹುಡುಕಿದರೂ ಮೊದಲು ಸಿಗುತ್ತಿದ್ದುದು ಅವಳ ಪುಟವೇ. ಫೋನಿಗೆ ಪುರುಸೊತ್ತೇ ಇರಲಿಲ್ಲ.

ಒಂದು ದಿನ ದರ್ಜಿಯೊಬ್ಬ ಫೋನ್ ಮಾಡಿ, "ಅಕ್ಕಾ, ನಿಮ್ಮ ಸೈಟ್ ಸುರಕ್ಷಿತ ಅಲ್ಲ ಅಂತ ತೋರಿಸ್ತಿದೆ" ಎಂದ.

"ಯಾಕಪ್ಪಾ? ಸೂಜಿ ಬಿಚ್ಚೋ ಮೊದಲು ಪ್ಲಗ್ ಕೀಳಿ ಅಂತ ಬರೆಸಿದ್ದೀನಲ್ಲಾ!"

ಪಕ್ಕದಲ್ಲೇ ಕೇಳಿಸಿಕೊಳ್ಳುತ್ತಿದ್ದ ನಾದಿನಿಗೆ ನಗು ತಡೆಯಲಾಗಲಿಲ್ಲ. "ಅದಲ್ಲ ಅತ್ತಿಗೆ. ಸೈಟಿಗೂ ಓದೋರಿಗೂ ನಡುವೆ ಓಡಾಡೋದನ್ನ ಯಾರೂ ಕದ್ದು ನೋಡಬಾರದು. ಸರ್ಟಿಫಿಕೇಟ್ ಹಾಕಿದ್ರೆ ವಿಳಾಸದಲ್ಲಿ ಎಚ್‌ಟಿಟಿಪಿ ಆದ್ಮೇಲೆ ಒಂದು 'ಎಸ್' ಸೇರುತ್ತೆ, ಅಷ್ಟೇ."

"ದಾರ ತುಂಡಾಗೋದ್ರಲ್ಲಿ ಕದ್ದು ನೋಡೋಕೆ ಏನಿದೆಯೇ?" ಮಷಿನಕ್ಕನಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಹೂಂ ಎಂದಳು.

ಸೋಮವಾರ 'ಎಸ್' ಸೇರಿತು. ಬುಧವಾರದಿಂದ ವಿಚಿತ್ರ ಫೋನುಗಳು. "ಬಾಬಿನ್ ಪುಟ ಒತ್ತಿದ್ರೆ ಬರೀ ನಿಮ್ಮ ಅಂಗಡಿ ಫೋಟೋ ಬರುತ್ತಲ್ಲಾ!" ಮೂರನೇ ವಾರಕ್ಕೆ ಆ ಫೋನುಗಳೂ ನಿಂತವು. ಎಷ್ಟು ಹುಡುಕಿದರೂ ಸೈಟಿನ ಸುಳಿವಿಲ್ಲ. ತಪ್ಪಿದ್ದಾಗ ಮೊದಲ ಸ್ಥಾನ, ಸರಿ ಮಾಡಿದ ಮೇಲೆ ಗೇಟ್‌ಪಾಸ್! ಇದ್ಯಾವ ನ್ಯಾಯವೆಂದು ಯೋಚಿಸುತ್ತ ಮಷಿನಕ್ಕ ಎದುರಿದ್ದ ಯಂತ್ರದ ಸ್ಕ್ರೂ ಬಿಚ್ಚಿದಳು. ಯಾಕೆ ಬಿಚ್ಚಿದೆನೆಂದು ಹೊಳೆಯದೆ ಮತ್ತೆ ಬಿಗಿದಳು.

ಭಾನುವಾರ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದ ನಾದಿನಿ ಹಣೆ ಚಚ್ಚಿಕೊಂಡಳು. "ನಂದೇ ತಪ್ಪು ಅತ್ತಿಗೆ. ಹಳೇ ವಿಳಾಸ ನಲವತ್ತನ್ನೂ ಮುಖಪುಟಕ್ಕೇ ತಿರುಗಿಸಿಬಿಟ್ಟಿದ್ದೀನಿ. ಪ್ರತಿ ಹಳೇ ವಿಳಾಸ ಅದರದೇ ಹೊಸ ವಿಳಾಸಕ್ಕೆ ಹೋಗ್ಬೇಕಿತ್ತು. ಹುಡುಕೋ ಕಂಪ್ಯೂಟರ್‌ಗಳು ಪುಟಗಳು ಸತ್ತೇಹೋದ್ವು ಅಂದ್ಕೊಂಡಿವೆ."

"ಪುಟ ಇದೆಯಾ?"

"ಇದೆ."

"ಬರೆದಿದ್ದೂ ಅದೇನಾ?"

"ಅದೇ."

"ಮತ್ತೆ ಸತ್ತಿದ್ದು ಯಾವುದು?"

ನಾದಿನಿ ಲ್ಯಾಪ್‌ಟಾಪನ್ನು ಹತ್ತಿರಕ್ಕೆಳೆದುಕೊಂಡಳು. "ನೀವು ಪುಟಗಳ ಹೆಸರು ಓದ್ತಾ ಹೋಗಿ, ನಾನು ಜೋಡಿಸ್ತೀನಿ."

ಮಷಿನಕ್ಕ ಓದಿದಳು. ನಾದಿನಿ ಹಳೆಯದನ್ನು ಹೊಸದಕ್ಕೆ ಒಂದೊಂದಾಗಿ, ಕಾಯಂ ಆಗಿ ಜೋಡಿಸಿದಳು. ಪುಟದಿಂದ ಪುಟಕ್ಕೆ ಹೋಗುವ ಕೊಂಡಿಗಳನ್ನೂ ಬದಲಿಸಿ, ಹೊಸ ವಿಳಾಸಗಳ ಪಟ್ಟಿಯನ್ನು ಹುಡುಕಾಟದ ಕಂಪನಿಗೆ ಕಳಿಸುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು.

ಆರು ವಾರ ಕಳೆಯಿತು. ಪುಟಗಳು ಒಂದೊಂದಾಗಿ ಮೊದಲಿನ ಜಾಗಕ್ಕೆ ಬಂದವು. ಬಾಬಿನ್ ಪುಟ ಮಾತ್ರ ಮೂರನೇ ಸ್ಥಾನದಲ್ಲೇ ನಿಂತುಬಿಟ್ಟಿತು.

"ಇದೊಂದು ಯಾಕೆ ಹೀಗೆ?"

"ಗೊತ್ತಿಲ್ಲ ಅತ್ತಿಗೆ. ಕೆಲವು ಹಾಗೇ."

"ನಾನು ಗಿರಾಕಿಗೆ ಹಂಗಂದ್ರೆ ಸುಮ್ನೆ ಬಿಡ್ತಾರಾ?" ಎನ್ನುತ್ತ ಮಷಿನಕ್ಕ ಬಡಿದುಕೊಳ್ಳುತ್ತಿದ್ದ ಫೋನ್ ಎತ್ತಿಕೊಂಡಳು.