ಏರಿನ್ಯಾಗ ಅಕ್ಕ ಹತ್ತಿದ ಬಸ್ಸು

ನಾ ಸಣ್ಣಾಂವ ಇದ್ದಾಗ ಹುಬ್ಬಳ್ಳಿ-ಧಾರವಾಡದ ನಡುವ ಓಡಾಡೂ ಕೆಂಪು ಬಸ್ಸಿನ ಹಿಂದಿನ ಬಾಜೂಕ ಬಾಗಲಾ ಇರಲಿಲ್ಲ. ಬಾಗಲದ ಜಾಗಾ ಇತ್ತು, ಎರಡು ಪಾವಟಿಗಿ ಇದ್ದೂ, ಹಿಡಕೊಳ್ಳಾಕ ಒಂದು ಕಬ್ಬಿಣದ ಕಂಬ ಇತ್ತು, ಅಷ್ಟ. ಪಾವಟಿಗಿ ಹತ್ತಿದ ಕೂಡ್ಲೇ ಸೀಟಿಲ್ಲದ ಒಂದೀಟು ಬಯಲು. ಅದಕ್ಕ ನಾವು ಹಿಂದಿನ ಕಟ್ಟಿ ಅಂತಿದ್ವಿ. ಮನಿ ಮುಂದಿನ ಕಟ್ಟಿ ಹೆಂಗೋ ಇದೂ ಹಂಗ. ಮಂದಿ ನಿಂದರತಿದ್ರು, ಗಂಟು ಇಳಸತಿದ್ರು, ಜಗಳಾ ಮಾಡತಿದ್ರು. ನವಲೂರಿನ ಹೆಣ್ಣಮಕ್ಕಳು ಪೇರಲದ ಬುಟ್ಟಿ ಅಲ್ಲೇ ಇಡತಿದ್ರು. ಡೀಸಲ್ ವಾಸನಿ, ಮಾಗಿದ ಪೇರಲದ ವಾಸನಿ, ಮಳ್ಯಾಗ ತೊಯ್ದ ಗೋಣಿಚೀಲದ ವಾಸನಿ, ಮೂರೂ ಕೂಡಿ ಬಸ್ಸು ಹೋದ ಮ್ಯಾಲೂ ರಸ್ತಾದಾಗ ಸ್ವಲ್ಪ ಹೊತ್ತು ಇರತಿತ್ತು.

ಆ ಕಟ್ಟಿಗೆ ಯಜಮಾನ ಅಂದ್ರ ಕಂಡಕ್ಟರ್. ಮುಂಜಾನಿ ಧಾರವಾಡಕ್ಕ ಹೋಗೂ ಬಸ್ಸಿನ ಕಂಡಕ್ಟರ್ ಹೆಸರು ಇಮಾಮಸಾಬ. ನಾವು ಹುಡುಗರು ಇಮಾಮಕಾಕಾ ಅಂತಿದ್ವಿ. ತೆಳ್ಳಗ, ಉದ್ದಕ, ಬಾಯಾಗ ಯಾವಾಗಲೂ ಅಡಕಿ. ಅವ್ರ ತಲಿ ಮ್ಯಾಲ ಡ್ರೈವರ್ ಸೀಟಿನತನಕ ಒಂದು ಹಗ್ಗ ಹೋಗಿತ್ತು. ಒಮ್ಮೆ ಜಗ್ಗಿದ್ರ ಮುಂದ ಘಂಟಿ ಒಂದ ಸಲ ಹೊಡೀತಿತ್ತು, ಅಂದ್ರ ನಿಂದ್ರು. ಎರಡು ಸಲ ಜಗ್ಗಿದ್ರ, ನಡಿ. ನಾವು ಹಿತ್ತಲದಾಗ ಎಮ್ಮಿ ಹಗ್ಗ ಸುತ್ತಕೊಂಡು ಬಸ್ಸಿನ ಆಟ ಆಡತಿದ್ವಿ. ಡ್ರೈವರ್ ಆಗಾಕ ಒಬ್ಬರೂ ತಯಾರ ಇರತಿರಲಿಲ್ಲ. ಎಲ್ಲಾರಿಗೂ ಹಿಂದ ನಿಂತು "ರೈಟ್, ರೈಟ್" ಅನಬೇಕಿತ್ತು.

ನಮ್ಮ ಮನಿ ರಾಯಾಪುರದ ಹಂತೇಕ, ರಸ್ತಾದ ಬಾಜೂಕ, ಒಂದು ಏರಿನ್ಯಾಗ. ಅಪ್ಪ ಮೂರು ಎಮ್ಮಿ ಕಟ್ಟಿದ್ದ. ಬೆಳಕು ಹರಿಯೂದ್ರಾಗ ಹಾಲಿನ ಕ್ಯಾನ್ ಸೈಕಲ್ಲಿಗೆ ಹಾಕ್ಕೊಂಡು ಧಾರವಾಡಕ್ಕ ಹೋಗತಿದ್ದ. ನಮ್ಮ ಏರಿನ್ಯಾಗ ಸ್ಟಾಪ್ ಇರಲಿಲ್ಲ. ಆದ್ರ ಅಲ್ಲಿ ಬಸ್ಸು ಬುಸುಗುಡಕೋತ ನಡದಾಂಗ ಹೋಗತಿತ್ತು. ಗಂಡಸರು ಕಂಬಾ ಹಿಡದು ಪಾವಟಿಗಿ ಮ್ಯಾಲ ಜಿಗಿದ ಬಿಡತಿದ್ರು. ಬಿದ್ದವರೂ ಅದಾರ. ನಮ್ಮ ಸೋದರಮಾವ ಮೊಣಕಾಲು ಒಡಕೊಂಡು ಒಂದು ತಿಂಗಳಾ ನಮ್ಮ ಮನ್ಯಾಗ ಹೊರಸಿನ ಮ್ಯಾಲ ಮಲಗಿದ್ದ.

ಆ ವರ್ಷ ನಮ್ಮ ಶಾಂತಕ್ಕ ಊರ ಸಾಲ್ಯಾಗ ಏಳನೇತ್ತಾ ಪಾಸಾದ್ಲು. ಮುಂದಿನ ಸಾಲಿ ಅಂದ್ರ ಧಾರವಾಡ. ಅಕ್ಕ ಆಗಲೇ ಪಾಟೀಚೀಲ ಒಗದು ಒಣಗಿಸಿದ್ದಳು. ಅಪ್ಪ ಊಟಕ್ಕ ಕುಂತಾಂವ ಹೇಳಿಬಿಟ್ಟ:

"ಓಡೂ ಬಸ್ಸಿಗೆ ಜಿಗಿದು ಹತ್ತೂ ಮಗಳು ನನಗ ಬ್ಯಾಡ."

"ಸ್ಟಾಪಿಗೆ ನಡಕೊಂಡು ಹೋಗ್ತೇನಪ್ಪಾ."

"ಸ್ಟಾಪಿನ ಮುಂದ ಏನೈತಿ ಗೊತ್ತೈತಿಲ್ಲೋ? ಸಾರಾಯಿ ಅಂಗಡಿ. ಮುಂಜಾನೆದ್ದು ಕುಡದು ಕುಂತಿರ್ತಾರ. ಮನಿ ಮುಂದ ಬಸ್ಸು ನಿಂತ್ರ ಸಾಲಿಗೆ ಹೋಗು. ಇಲ್ಲಾಂದ್ರ ಸಾಕು, ಇಷ್ಟ ಕಲ್ತಿದ್ದು ಬೇಕಾದಷ್ಟಾತು."

ಅಕ್ಕ ಅಳಲಿಲ್ಲ. ತಾಟಿನ್ಯಾಗಿನ ರೊಟ್ಟಿ ಹಂಗ ಬಿಟ್ಟು ಎದ್ದು ಹೋದ್ಲು. ನಮ್ಮ ಮನ್ಯಾಗ ರೊಟ್ಟಿ ಬಿಟ್ಟು ಯಾರೂ ಏಳತಿರಲಿಲ್ಲ, ಅದಕ್ಕ ಅವ್ವ ಇದನ್ನ ಮನಸ್ಸಿಗೆ ತಗೊಂಡ್ಲು.

ಮರುದಿನ ಅವ್ವ ಏರಿನ್ಯಾಗ ಬಸ್ಸಿನ ಜೋಡಿ ನಡಕೋತ ಇಮಾಮಕಾಕಾನ ಕೂಡ ಮಾತಾಡಿದ್ಲು. ಆಕಿ ಕೆಳಗ, ಅವ್ರು ಪಾವಟಿಗಿ ಮ್ಯಾಲ.

"ಇಮಾಮಣ್ಣಾ, ನಮ್ಮ ಹುಡುಗಿ ಸಾಲಿಗೆ ಹೋಗಬೇಕು. ಇಲ್ಲೊಂದೀಟು ನಿಂದರಸ್ರಿ."

"ಸ್ಟಾಪ್ ಇಲ್ಲಲಾ ತಂಗೀ."

"ಒಂದು ಘಂಟಿ ಹೊಡದ್ರ ಆತಲ್ರೀ."

"ಸ್ಟಾಪ್ ಇಲ್ಲದ ಕಡೆ ಘಂಟಿ ಹೊಡದ್ರ ನನ್ನ ನೌಕರಿಗೆ ಬರತೈತಿ. ನನಗೂ ನಾಕು ಮಕ್ಕಳದಾವ. ಏನ್ ಮಾಡ್ಲಿ ಹೇಳು."

ಏರು ಮುಗೀತು, ಬಸ್ಸು ಓಡಿತು, ಮಾತು ಅಲ್ಲಿಗೇ ನಿಂತಿತು.

ಇದಾಗಿ ಎರಡು ಮೂರು ದಿನಕ್ಕ ನಾ ಎಮ್ಮಿ ಮೇಯಿಸಾಕ ಆಚೆ ಕಡೆ ಹೊಡಕೊಂಡು ಹೊಂಟಿದ್ದೆ. ಬಸ್ಸು ಬಂತು. ಎಮ್ಮಿ ರಸ್ತಾದ ನಡುವ ನಿಂತು ಅದನ್ನ ನೋಡಾಕತ್ತೂ. ಬಸ್ಸು ನಿಂತಿತು. ಡ್ರೈವರ್ ಚನ್ನಪ್ಪ ಹೊರಗ ತಲಿ ಹಾಕಿ ನನ್ನ ಇಡೀ ಮನಿತನಾ ಬೈದ. ಅವ್ವ ಅಡಗಿಮನಿ ಕಿಡಕ್ಯಾಗ ನಿಂತು ನೋಡಾಕತ್ತಿದ್ಲು. ನಾನು ಬೈಸಿಕೊಂಡು ಮಾರಿ ಸಣ್ಣದು ಮಾಡಿಕೊಂಡು ಬಂದ್ರ ಆಕಿ ನಗಾಕತ್ತಿದ್ಲು.

"ಮಲ್ಲ್ಯಾ, ನಾ ಕೈ ಮಾಡಿದ್ರ ನಿಂದ್ರೂದಿಲ್ಲ ಅದು. ಎಮ್ಮಿ ಮಾರಿ ನೋಡಿದ್ರ ನಿಂದರತೈತಿ. ನಾಳೆ ಇದ ಹೊತ್ತಿಗೆ ಬಿಡು."

ಹಂಗ ಅಕ್ಕನ ಸಾಲಿ ಚಾಲೂ ಆತು. ಬಸ್ಸಿನ ಸದ್ದು ಕೇಳಿದ ಕೂಡ್ಲೇ ನಾ ಎಮ್ಮಿ ಬಿಡತಿದ್ದೆ. ಅವು ಅಡ್ಡ ನಿಂದರತಿದ್ದೂ, ಚನ್ನಪ್ಪ ಬೈತಿದ್ದ, ಅಷ್ಟರಾಗ ಅಕ್ಕ ಹಿಂದಿನ ಕಟ್ಟಿ ಹತ್ತಿಬಿಡತಿದ್ಲು. ಇಮಾಮಕಾಕಾ ಮೊದಲ ದಿನ ಆಕಿನ್ನ ನೋಡಿದ್ರು, ಎಮ್ಮಿ ನೋಡಿದ್ರು, ನಮ್ಮ ಅಡಗಿಮನಿ ಕಿಡಕಿ ನೋಡಿದ್ರು. ಎಮ್ಮಿ ದಾಟಿದ ಮ್ಯಾಲ ಎರಡು ಘಂಟಿ ಹೊಡದ್ರು.

ಸಂಜಿಮುಂದ ಈ ತ್ರಾಸ ಇರಲಿಲ್ಲ. ಅಪ್ಪ ಎರಡನೇ ಸರ್ತಿ ಹಾಲು ಹಾಕಿ ಬರೂ ಹೊತ್ತು ಅದು. ಸ್ಟಾಪಿನ್ಯಾಗ ನಿಂತು ಆಕಿನ್ನ ಸೈಕಲ್ ಮ್ಯಾಲ ಕರಕೊಂಡು ಬರತಿದ್ದ. ಮುಂಜಾನಿ ಬಸ್ಸು ಈಗ ಮನಿ ಮುಂದ ನಿಂದರತೈತಿ ಅಂತ ಅವ್ವ ಹೇಳಿದ್ಲು, ಅಂವ ನಂಬಿದ. "ಸರ್ಕಾರ ಒಮ್ಮೊಮ್ಮೆ ಛಲೋ ಕೆಲಸಾ ಮಾಡತೈತಿ ನೋಡು," ಅಂತ ಬಂದವರ ಮುಂದೆಲ್ಲಾ ಹೇಳಿದ. ಅವ್ವ ಒಲಿ ಊದಿಕೋತ ಕುಂಡರತಿದ್ಲು.

ನನ್ನನ್ನ ಇನ್ನೂ ಸಾಲಿಗೆ ಹಾಕಿರಲಿಲ್ಲ. ಎಮ್ಮಿ ಅದಾವ, ಮುಂದಿನ ವರ್ಷ ನೋಡೂಣು, ಅಂತ ಅಪ್ಪ ಪ್ರತಿ ವರ್ಷ ಅಂತಿದ್ದ. ಈಗಂತೂ ಅವ್ವನೂ ಹಂಗ ಅನ್ನೂ ಹಂಗಾತು. ಮುಂಜಾನಿ ಹೊತ್ತಿಗೆ ನಾ ಏರಿನ್ಯಾಗ ಬೇಕಾಗಿದ್ದೆ. ನನಗ ಅದರದೇನೂ ಬ್ಯಾಸರ ಇರಲಿಲ್ಲ. ಅಷ್ಟು ದೊಡ್ಡ ಬಸ್ಸು ನನ್ನ ಸಲುವಾಗಿ ನಿಂದರತೈತಿ ಅಂದ್ರ ಸಣ್ಣ ಮಾತೇನು?

ಪಂಚಮಿ ಮುಗದು ಜೋರು ಮಳಿ ಹಿಡದಿತ್ತು. ಒಂದಿನ ನಮ್ಮ ದೊಡ್ಡ ಎಮ್ಮಿ ರಸ್ತಾದ ನಡುವಿನ ತಗ್ಗಿನ್ಯಾಗ ನೀರು ನಿಂತಿದ್ದು ನೋಡಿ ಅದರಾಗ ಕುಂತು ಬಿಟ್ಟಿತು. ನಾ ಬಾಲಾ ತಿರುವಿದೆ, ಬಡಿಗಿಲೆ ತಿವಿದೆ. ಅದು ಕಣ್ಣು ಮುಚ್ಚಿ ಮೆಲುಕು ಹಾಕಾಕತ್ತಿತು. ಅಕ್ಕ ಆಗಲೇ ಕಟ್ಟಿ ಹತ್ತಿದ್ಲು. ಬಸ್ಸಿನ ಮಂದಿ ಕಿಡಕಿಲೆ ತಲಿ ಹೊರಗ ಹಾಕಿದ್ರು.

"ಏ, ಅದು ಪಾಸ್ ತೋರ್ಸೂತನಕ ಬಿಡೂದಿಲ್ಲಂತ!"

"ಪೇರಲ ಒಗೀರಿ ಯವ್ವಾ ಅದಕ್ಕ, ಎದ್ದು ಬರತೈತಿ."

"ನಿನ್ನ ಮಾರಿಗೆ ಒಗೀತೇನಿ ನೋಡು," ಅಂದ್ಲು ಬುಟ್ಟಿ ಹಿಡಕೊಂಡಾಕಿ.

ಆ ದಿನ ಬಸ್ಸಿನ್ಯಾಗ ಚೆಕಿಂಗ್ ಸಾಹೇಬ ಇದ್ದದ್ದು ನನಗೆಲ್ಲಿ ಗೊತ್ತು? ಛತ್ರಿ ಹಿಡಕೊಂಡು ಇಳದು ಬಂದ.

"ಏ ಹುಡುಗಾ, ನಿನ್ನ ಎಮ್ಮಿ ಏನು ಇವು?"

"ಹೌದ್ರಿ."

"ಬಸ್ಸು ಬರೂ ಹೊತ್ತು ಅನ್ನೂದು ಗೊತ್ತಿಲ್ಲೇನು?"

"ಗೊತ್ತೈತ್ರಿ. ಅದಕ್ಕ ಬಿಟ್ಟೇನ್ರಿ."

"ಅದಕ್ಕ ಅಂದ್ರ?"

"ಇವು ಅಡ್ಡ ಬಂದ್ರ ಬಸ್ಸು ನಿಂದರತೈತ್ರಿ. ನಿಂತ್ರ ಅಕ್ಕ ಹತ್ತತಾಳ್ರಿ."

ಅಕ್ಕ ಕಂಬಾ ಹಿಡಕೊಂಡು ತಲಿ ಕೆಳಗ ಹಾಕಿದ್ಲು.

"ನಿನಗ ಸಾಲಿ ಇಲ್ಲೇನೋ?"

"ನಾ ಸಾಲಿಗೆ ಹೋದ್ರ ಎಮ್ಮಿ ಯಾರು ಬಿಡಬೇಕ್ರಿ?"

ಮಂದಿ ಹೋ ಅಂತ ನಕ್ಕರು. ಸಾಹೇಬ ನಗಲಿಲ್ಲ. ಇಮಾಮಕಾಕಾನ ಕಡೆ ತಿರುಗಿದ. "ನಿನಗ ಇದು ಗೊತ್ತಿತ್ತೇನು?"

"ಎಮ್ಮಿ ಮುಂದ ಬರ್ತಾವ್ರಿ ಸಾಹೇಬ್ರ, ನಾ ಹಿಂದ ಇರ್ತೇನ್ರಿ."

"ಹಿಂದ ಹತ್ತಿದ್ದು ಕಾಣೂದಿಲ್ಲೇನು? ಇನ್ನ ಮ್ಯಾಲ ಸ್ಟಾಪ್ ಇಲ್ಲದ ಕಡೆ ಘಂಟಿ ಹೊಡದಿ ಅಂದ್ರ ನೋಡು. ಏ ಹುಡುಗಾ, ನಾಳಿಂದ ಎಮ್ಮಿ ಡಾಂಬರ ಮ್ಯಾಲ ಕಂಡೂ ಅಂದ್ರ ನಿಮ್ಮಪ್ಪನ್ನ ಠಾಣೆಕ್ಕ ಕರಸ್ತೇನಿ."

ಸಂಜಿಕ ಅಪ್ಪಗ ಸ್ಟಾಪಿನ್ಯಾಗ ಮಂದಿ ಎಲ್ಲಾ ಹೇಳಿಬಿಟ್ಟಿದ್ರು. ಸೈಕಲ್ ಗ್ವಾಡಿಗೆ ಒಗದಾಂಗ ಹಚ್ಚಿದ.

"ಬಸ್ಸು ನಿಂದರತೈತಿ ಅಂದಿದ್ದಿ ನನಗ."

"ನಿಂದರತಿತ್ತಲ್ಲ," ಅಂದ್ಲು ಅವ್ವ.

"ಎಮ್ಮಿ ನಿಂದರಸ್ತಿದ್ದೂ!"

"ಯಾರರ ನಿಂದರಸ್ಲಿ. ನಿಂತಿತ್ತೋ ಇಲ್ಲೋ?"

"ನಾಳಿಂದ ಸಾಲಿ ಸಾಕು. ಠಾಣೆಕ್ಕ ಹೋಗೂದು ನಮ್ಮ ಮನಿತನದಾಗ ಇಲ್ಲ."

ಅಕ್ಕ ಯೂನಿಫಾರ್ಮ್ ಒಗದು ದಿನದಾಂಗ ಒಲಿ ಬಾಜೂಕ ಹರವಿದ್ಲು. ಅಪ್ಪ ಅದನ್ನ ನೋಡಿ ನೋಡಲಾರದಾಂಗ ಮಾಡಿದ.

ಮುಂಜಾನಿ ಅಪ್ಪ ಹಾಲು ಹಾಕಿ ಲಗೂನ ಹೊಳ್ಳಿ ಬಂದು ಮನಿ ಮುಂದಿನ ಕಟ್ಟಿ ಮ್ಯಾಲ ಕುಂತ. ನಾವು ಮತ್ತ ಎಮ್ಮಿ ಬಿಟ್ಟೇವು ಅಂತ ಹೆದರಿಕಿ ಅವಗ. ಎಮ್ಮಿ ಕಟ್ಟಿಹಾಕಿದ್ದೂ. ಅಕ್ಕ ಹೊಗಿ ವಾಸನಿ ಹಿಡದ ಯೂನಿಫಾರ್ಮ್ ಹಾಕ್ಕೊಂಡು ಪಾಟೀಚೀಲ ತಗೊಂಡು ಹೊರಗ ಬಂದ್ಲು.

"ಎಲ್ಲಿಗೆ?" ಅಂದ ಅಪ್ಪ.

ಅವ್ವ ಒಳಗಿಂದ ಹೇಳಿದ್ಲು: "ಬರೇ ನಿಂದರಾಕ ಹೋಗತಾಳ. ನಿಂದರಾಕೂ ಸ್ಟಾಪ್ ಬೇಕೇನು?"

ಬಸ್ಸು ಬಂತು. ಏರಿನ ನಡುವ ಬಂದಾಗ ಗರ್ರ್ ಅಂತ ಒಂದು ಕೆಟ್ಟ ಸದ್ದು ಆತು. ಬಸ್ಸು ಒಮ್ಮೆ ನಡುಗಿತು, ನಿಂತಿತು. ಘಂಟಿ ಹೊಡೆದಿರಲಿಲ್ಲ, ಅದು ನನಗ ಖಾತ್ರಿ ಐತಿ. ಹಿಂದಿನ ಕಟ್ಟಿ ಅಕ್ಕನ ಮುಂದ ಬಂದು ನಿಂತಿತ್ತು. ಇಮಾಮಕಾಕಾ ಆಚೆ ಬಾಜೂದ ಕಿಡಕಿಲೆ ಹೊಲಾ ನೋಡಾಕತ್ತಿದ್ರು. ಅಕ್ಕ ಎರಡು ಪಾವಟಿಗಿ ಹತ್ತಿದ್ಲು.

ಅಪ್ಪ ಎದ್ದು ನಿಂತ. ಚನ್ನಪ್ಪ ಡ್ರೈವರ್ ಹೊರಗ ತಲಿ ಹಾಕಿದ. ಇಷ್ಟು ದಿನಾ ಬರೇ ಬೈಯಾಕ ಬಾಯಿ ತಗದಾಂವ ಅಂವ.

"ಏನ್ ನೋಡ್ತೀರಿ ಯಜಮಾನ್ರ? ಏರಿನ್ಯಾಗ ಗೇರ್ ಬೀಳವಲ್ದು."

ಅಪ್ಪ "ಹೌದೇನ್ರಿ," ಅಂದ.

"ಹಳೇ ಗಾಡಿ. ದಿನಾ ಹಿಂಗ ಆಗೂ ಹಂಗ ಕಾಣತೈತಿ."

ಮತ್ತ ಗರ್ರ್ ಅಂತು, ಗೇರ್ ಬಿತ್ತು, ಬಸ್ಸು ಹೋತು. ಅಪ್ಪ ಒಳಗ ಬಂದು, "ರೊಟ್ಟಿ ಹಾಕು," ಅಂದ. ಸಾಲಿ ಬಿಡಸೂ ಮಾತು ಮತ್ತ ಎತ್ತಲಿಲ್ಲ.

ಅಕ್ಕ ಹತ್ತನೇತ್ತಾ ಮುಗಿಸೂತನಕ ಆ ಗೇರ್ ಅದೇ ಜಾಗಾದಾಗ ಕೈ ಕೊಡತಿತ್ತು. ಚನ್ನಪ್ಪ ರಜಾ ಇದ್ದಾಗ ಬರೂ ಡ್ರೈವರಿಗೂ ಹೆಂಗೋ ಹಂಗ ಆಗತಿತ್ತು. ಒಳಗಿನ ಸುದ್ದಿ ಅಕ್ಕ ಹೇಳಿದ ಮ್ಯಾಲ ನನಗ ಗೊತ್ತಾದದ್ದು. ಆಕಿ ಹತ್ತಿದ ಮ್ಯಾಲ ಇಮಾಮಕಾಕಾ ಬಂದು ಬಾಗಲಿಲ್ಲದ ಜಾಗಾಕ್ಕ ಬೆನ್ನು ಕೊಟ್ಟು, ಆಕಡೆ ಈಕಡೆ ಎರಡೂ ಕೈಲೆ ಹಿಡಕೊಂಡು, ಆಕಿ ಬೀಳಬಾರದಂತ ಏರು ದಾಟೂತನಕ ಅಡ್ಡ ನಿಂದರತಿದ್ರಂತ. ಮಳಿಗೆ ಅವರ ಅಂಗಿ ಬೆನ್ನು ಪೂರಾ ತೊಯ್ದಿರತಿತ್ತಂತ. ಟಿಕೀಟ್ ಕೇಳೂ ಮಂದಿಗೆ "ತಡೀರಿ, ಈಗ ಕೈ ಖಾಲಿ ಇಲ್ಲ," ಅಂತಿದ್ರಂತ.

ನಾನು ಸಾಲಿಗೆ ಬಿದ್ದದ್ದೂ ಇದರಿಂದ. ಮುಂಜಾನಿ ಎಮ್ಮಿ ಬಿಡೂ ಕೆಲಸಾ ತಪ್ಪಿತಲ್ಲ. ದಸರಾ ಸೂಟಿ ಮುಗದ ಮ್ಯಾಲ ಅವ್ವ ನನ್ನ ಕೈ ಹಿಡಕೊಂಡು ಊರ ಸಾಲಿಗೆ ಒಯ್ದ್ಲು. ಒಂದನೇತ್ತಾದ ಸಣ್ಣ ಹುಡುಗರ ನಡುವ ನಾ ಕುಂತ್ರ ಹಿಂದಿನವರಿಗೆ ಹಲಗಿ ಕಾಣತಿರಲಿಲ್ಲ. ಮಾಸ್ತರು ಕೇಳಿದ್ರು, "ಇಷ್ಟು ದಿನಾ ಏನ್ ಮಾಡಾಕತ್ತಿದ್ದೆಲೇ?"

"ಬಸ್ಸು ನಿಂದರಸಾಕತ್ತಿದ್ದೆರಿ."

ಮಾಸ್ತರು ಬಡೀಲಿಲ್ಲ, ಅದ ದೊಡ್ಡದು.

ಈಗ ಆ ಏರು ಇಲ್ಲ. ರಸ್ತಾ ಅಗಲ ಮಾಡೂ ಮುಂದ ಕಡದು ಸಪಾಟ ಮಾಡಿದ್ರು. ನಡುವ ಬಸ್ಸಿಗೇ ಬ್ಯಾರೆ ದಾರಿ, ಎರಡೂ ಕಡೆ ಕಬ್ಬಿಣದ ಕಟಾಂಜನ. ಟಿಕೀಟ್ ಸ್ಟೇಷನ್ ಒಳಗ ತಗೋಬೇಕು. ಬಾಗಲಾ ತಾನ ತಗೀತೈತಿ, ತಾನ ಮುಚ್ಚತೈತಿ. ಕಂಡಕ್ಟರ್ ಇಲ್ಲ. ಮೊನ್ನೆ ನನ್ನ ಅಳಿಯ ಫೋನಿನ್ಯಾಗ ಒಂದು ತೋರಿಸಿದ. ಯಾವುದೋ ದೊಡ್ಡ ದೇಶದಾಗ ಹೊಚ್ಚ ಹೊಸಾ ಬಸ್ಸಿಗೆ ಮತ್ತ ಹಿಂದಿನ ಕಟ್ಟಿ ಬಯಲು ಬಿಟ್ಟು, ಅಲ್ಲೊಬ್ಬ ಕಂಡಕ್ಟರನ್ನ ನಿಂದರಿಸಿದ್ರಂತ. ಪಗಾರ ಕೊಡೂದು ಭಾರ ಆತಂತ ಆಮ್ಯಾಲ ಅವನ್ನ ಇಳಿಸಿ ಬಾಗಲಾ ಹಾಕಿದ್ರಂತ. ಅಲ್ಲೂ ಹಂಗ ಆತು.

ಹೋದ ತಿಂಗಳಾ ಅಕ್ಕನ್ನ ಕಣ್ಣು ತೋರಸಾಕ ಹುಬ್ಬಳ್ಳಿಗೆ ಕರಕೊಂಡು ಹೋಗಿದ್ದೆ. ಆಕಿ ಧಾರವಾಡದ ಒಂದು ಆಫೀಸಿನ್ಯಾಗ ಟೈಪಿಸ್ಟ್ ಇದ್ಲು, ಈಗ ರಿಟೈರ್ ಆಗ್ಯಾಳ. ಈ ಹೊಸಾ ಬಸ್ಸಿನ್ಯಾಗ ತಣ್ಣಗ ಕುಂತು ಹೊಂಟಿದ್ವಿ. ಹಳೇ ಬಸ್ಸು ಭಾಳ ಛಲೋ ಇತ್ತು ಅಂತ ನಾ ಸುರು ಮಾಡಿದೆ. ಆಕಿ ನನ್ನ ಮಾತು ನಡುವ ಕಡದ್ಲು.

"ನಿನಗ ಛಲೋ ಇತ್ತು, ನೀ ಹೊರಗ ಇರತಿದ್ದಿ. ಇವತ್ತು ನಿಂದರತೈತೋ ಇಲ್ಲೋ ಅಂತ ನನ್ನ ಎದಿ ದಿನಾ ಹೆಂಗ ಬಡಕೋತಿತ್ತು ಗೊತ್ತೇನು? ಚನ್ನಪ್ಪಗ ಒಂದಿನ ಸಿಟ್ಟು ಬಂದಿದ್ರ ನನ್ನ ಸಾಲಿ ಮುಗೀತಿತ್ತು. ಈಗಿನ ಹುಡುಗ್ಯಾರಿಗೆ ಯಾರ ದಯಾನೂ ಬೇಕಾಗಿಲ್ಲ. ನನಗ ಇದ ಬೇಕಿತ್ತಪಾ."

ಆಕಿ ಹೇಳೂದು ಖರೇನ.

ಮುಂದಿನ ಸ್ಟೇಷನ್ನಿನ್ಯಾಗ ಬಸ್ಸು ನಿಂತು ಬಾಗಲಾ ಮುಚ್ಚಾಕತ್ತಿತ್ತು. ಆ ತುದಿಯಿಂದ ಒಂದು ಹುಡುಗಿ ಚೀಲ ಎದಿಗೆ ಅವಚಿಕೊಂಡು ಓಡಿಕೋತ ಬಂತು. ಅಕ್ಕ ಅರ್ಧಾ ಎದ್ದು ನಿಂತು ಒದರಿದ್ಲು:

"ಏ ತಡೀರಿ! ಹುಡುಗಿ ಬರಾಕತ್ತಾಳ, ತಡೀರಿ!"

ಬಾಗಲಾ ಕೂಡಿತು. ಮಂದಿ ಒಮ್ಮೆ ಅಕ್ಕನ್ನ ನೋಡಿ ಮತ್ತ ತಮ್ಮ ತಮ್ಮ ಫೋನ್ ನೋಡಿದ್ರು. ಡ್ರೈವರ್ ಕಾಜಿನ ಆಚೆ ಇದ್ದ, ಅವಗ ಕೇಳಿರಲಿಕ್ಕಿಲ್ಲ. ಬಸ್ಸು ಹೊಂಟಿತು.

"ಹಿಂದಿನ ಬಸ್ಸು ಐದು ನಿಮಿಷದಾಗ ಬರತೈತಿ ಅಕ್ಕಾ," ಅಂದೆ.

"ಬರತೈತಿ," ಅಂದ್ಲು. ಆದ್ರ ಕುಂಡ್ರಲಿಲ್ಲ. ಮುಂದಿನ ಸೀಟಿನ ಹಿಡಿಕಿ ಹಿಡಕೊಂಡು, ಬಸ್ಸಿನ ಹಿಂದಿನ ತುದಿ ಕಡೆ, ಅಲ್ಲಿ ಯಾರರ ಅದಾರೇನು ಅಂತ ನೋಡಾಕತ್ತಿದ್ಲು.

"ಇಲ್ಲಿ ಯಾರಿಗೆ ಹೇಳೂದೋ ತಮ್ಮಾ?"