ಕಾಕಾ ಊದಿದ ಮಾರ್ಕ್ಸ್ ಕಾರ್ಡು

ಗೆಳೆಯರೆ, ಇವತ್ತು ಶಹಾಬಾದಿನ ಝೆರಾಕ್ಸ್ ಅಂಗಡಿಯಲ್ಲಿ ನನ್ನ ಮಾರ್ಕ್ಸ್ ಕಾರ್ಡಿನ ನಕಲು ಇನ್ನೇನು ಹೊರಬರಬೇಕು, ಕರೆಂಟು ಹೋಯಿತು. ನಾಳೆ ಬೆಳಿಗ್ಗೆ ಸಂದರ್ಶನಕ್ಕೆ ಅದು ಬೇಕೇಬೇಕು. ಹೊರಗೆ ಗುಲಬರ್ಗಾ ಬಸ್ಸು ಬಿಡದೆ ಹಾರ್ನ್ ಹೊಡೆಯುತ್ತಿತ್ತು.

“ಲಗೂ ತೆಗಿಯಪಾ, ಬಸ್ ಹೋಗ್ತದ,” ಎಂದರು ನನ್ನ ಕಾಕಾ.

ಅಂಗಡಿಯವನು ಮುಚ್ಚಳ ತೆರೆದು, ಒಳಗೆ ಸಿಕ್ಕಿಬಿದ್ದ ಹಾಳೆ ಎಳೆದುಕೊಟ್ಟ. ಜೀವಮಾನವೆಲ್ಲ ಶಾಯಿ ಪೆನ್ನಿನಲ್ಲಿ ಬರೆದ ಕಾಕಾ, “ಮಸಿ ಇನ್ನಾ ಹಸಿ ಅದ,” ಎಂದು ಹಾಳೆಯನ್ನು ಮುಖದ ಹತ್ತಿರ ಹಿಡಿದು ಜೋರಾಗಿ ಊದಿದರು.

“ಅದು ಮಸಿ ಅಲ್ರಿ, ಒಣಾ ಪುಡಿ ಅದ. ಕಾಯ್ದ ರೋಲರಿನ್ಯಾಗ ಹಾದು ಕರಗಿದ್ರೇನೇ ಕಾಗದಕ್ಕ ಅಂಟ್ತದ,” ಎಂದು ಅಂಗಡಿಯವನು ಹೇಳುವಷ್ಟರಲ್ಲಿ ಅರ್ಧ ಹಾಳೆ ಬೆಳ್ಳಗಾಗಿತ್ತು, ಕಾಕಾನ ಬಿಳಿ ಮೀಸೆ ಕರ್ರಗಾಗಿತ್ತು.

ಬಸ್ಸೂ ಹೋಯಿತು, ಕರೆಂಟು ಇನ್ನೂ ಬಂದಿಲ್ಲ. ನಾಳೆ ಸಂದರ್ಶನಕ್ಕೆ ಕಾಕಾನನ್ನೇ ಕರೆದೊಯ್ಯುತ್ತೇನೆ. ನನ್ನ ಅಂಕಗಳೆಲ್ಲ ಅವರ ಮೀಸೆಯಲ್ಲೇ ಇವೆ.