ಮಳೆಯ ಚೀಟಿ

ಆ ಊರಿನಲ್ಲಿ ಸಮುದ್ರವಿದೆ, ಮೈಲುಗಟ್ಟಲೆ ಮರಳಿದೆ, ಮರಳಿನ ಮೇಲೆ ಕಾಲು ಚಾಚಿ ಕೂರಬೇಕೆಂಬ ಆಸೆಯ ಜನರೂ ಬೇಕಾದಷ್ಟಿದ್ದಾರೆ. ಇಲ್ಲದ್ದು ಬಿಸಿಲು ಒಂದೇ. ವರ್ಷದಲ್ಲಿ ಒಂಬತ್ತು ತಿಂಗಳು ಮಳೆ ಸುರಿಯುತ್ತದೆ, ಉಳಿದ ಮೂರು ತಿಂಗಳು ಸುರಿಯಲೋ ಬೇಡವೋ ಎಂದು ಯೋಚಿಸುತ್ತದೆ. ಅದಕ್ಕೇ ಬೇಸಿಗೆ ಅಂತ ಹೆಸರು! ಮಳೆ ನಿಂತ ಮೇಲೆ ಹೋಗೋಣ, ಮಳೆ ನಿಂತ ಮೇಲೆ ಹೋಗೋಣ ಎನ್ನುತ್ತಲೇ ಅಲ್ಲಿಯವರು ಮುದುಕರಾಗುತ್ತಾರೆ. ಅಲೆ ನಿಂತ ಮೇಲೆ ಸ್ನಾನ ಮಾಡುತ್ತೇನೆ ಅಂದವನ ಕಥೆಯೇ ಇದೂ.

ಆದರೆ ಇಸ್ತ್ರಿಯಕ್ಕ ಹಾಗೆ ಕಾಯುವ ಹೆಂಗಸಲ್ಲ. ಹೆತ್ತವರಿಟ್ಟ ಹೆಸರು ಬೇರೆ ಇದೆ, ಅದು ಹಾಜರಿ ಪುಸ್ತಕದಲ್ಲಿ ತೆಪ್ಪಗೆ ಕೂತಿದೆ. ದೊಡ್ಡ ಹೋಟೆಲೊಂದರ ನೆಲಮಾಳಿಗೆಯ ಲಾಂಡ್ರಿಯಲ್ಲಿ ಹದಿನಾಲ್ಕು ವರ್ಷದಿಂದ ಅವಳು ಇಸ್ತ್ರಿ ಹಾಕುತ್ತಿದ್ದಾಳೆ. ಬೆಳಿಗ್ಗೆ ಐದಕ್ಕೆ ಒಳಗೆ ಹೋದರೆ ಚಾದರ, ದಿಂಬಿನ ಚೀಲ, ಮತ್ತೆ ಚಾದರ. ಎರಡೂ ಮುಂಗೈ ಮೇಲೆ ಹಬೆ ತಾಗಿದ ಕಲೆಗಳು. ಸಿಟ್ಟು ಮೂಗಿನ ತುದಿಯಲ್ಲಿ, ಹಟ ಮೈತುಂಬ. ಈ ಬೇಸಿಗೆ ಅವಳು ಹಿಡಿದ ಹಟ ಒಂದೇ: ಗಂಡನನ್ನು ಸಮುದ್ರಕ್ಕೆ ಇಳಿಸಬೇಕು.

ಗಂಡ ಒಂದು ಕಾಲದಲ್ಲಿ ಬಂದರಿನಲ್ಲಿ ಹಡಗುಗಳಿಗೆ ಬಣ್ಣ ಬಳಿಯುತ್ತಿದ್ದವನು. ಕೆಲಸ ಮುಗಿದೊಡನೆ ಮೀನಿನ ಹಾಗೆ ನೀರಿಗೆ ಬೀಳುತ್ತಿದ್ದ. ಮೂರು ವರ್ಷದ ಹಿಂದೆ ಬಿಗಿದಿದ್ದ ಹಗ್ಗವೊಂದು ಕಿತ್ತು ಬಂದು ಬಡಿಯಿತು. ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಆಸ್ಪತ್ರೆಯಲ್ಲಿ ಕೃತಕ ಕಾಲು ಕೊಟ್ಟರು, ನಡೆಯಲು ಕಲಿಸಿದರು. ನಡೆಯುವುದೇನೋ ಬಂತು, ಆದರೆ ಅವನು ಬೀದಿಗೆ ಇಳಿಯುವುದನ್ನೇ ಬಿಟ್ಟ. ಕಿಟಕಿಯ ಪಕ್ಕ ಮೇಜು ಹಾಕಿಕೊಂಡು ಛತ್ರಿ ರಿಪೇರಿಗೆ ಕೂತ. ಆ ಊರಿನಲ್ಲಿ ಮುರಿದ ಛತ್ರಿಗೆ ಬರವೇ? ಜನ ಕಿಟಕಿಯಿಂದಲೇ ಕೊಡುತ್ತಾರೆ, ಕಿಟಕಿಯಿಂದಲೇ ತೆಗೆದುಕೊಂಡು ಹೋಗುತ್ತಾರೆ. ಸೊಂಟದಿಂದ ಕೆಳಗೆ ಅವನನ್ನು ಕಂಡವರಿಲ್ಲ.

ಮಗಳು ಪುಟ್ಟಿಗೆ ಈಗ ಹತ್ತು ವರ್ಷ. ಕಾಲು ಹೋಗುವ ಮುಂಚೆ "ಮುಂದಿನ ಬೇಸಿಗೆ ನಿಂಗೆ ಈಜು ಕಲಿಸ್ತೀನಿ" ಎಂದು ಅಪ್ಪ ಮಾತು ಕೊಟ್ಟಿದ್ದ. ಸಮುದ್ರ ಇರುವುದು ಮೂರು ಬೀದಿ ಆಚೆ. ಅವಳು ಕೇಳಿದಾಗಲೆಲ್ಲ "ಬಿಸಿಲು ಬರಲಿ, ನೋಡೋಣ" ಎನ್ನುತ್ತಿದ್ದ. ಕಳೆದ ವರ್ಷ ಬಿಸಿಲು ಬಂತು ನೋಡಿ, ಎಂಥಾ ಬಿಸಿಲು! ಬುತ್ತಿ ಕಟ್ಟಿ, ಚಾಪೆ ಸುತ್ತಿ ಮೂವರೂ ಹೊರಟರು. ಊರಿಗೆ ಊರೇ ಮರಳಿನ ಮೇಲಿತ್ತು. ಕೆಳಗಿಳಿಯುವ ಮೆಟ್ಟಿಲ ಬಳಿ ಅವನು ನಿಂತ. "ಯಾಕೋ ಚಳಿಯಾಗ್ತಿದೆ ಕಣೇ, ಮನೆಗೆ ಹೋಗೋಣ" ಅಂದ. ಬೆವರು ಒರೆಸಿಕೊಳ್ಳುತ್ತಾ ಅಂದ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಇಸ್ತ್ರಿಯಕ್ಕ ದಾರಿಯುದ್ದಕ್ಕೂ ಬೈದಳು. ಅಂದಿನಿಂದ ಪುಟ್ಟಿ ಈಜಿನ ಮಾತೇ ಎತ್ತಲಿಲ್ಲ, ಅದೇ ತಾಯಿಗೆ ಸಂಕಟ.

ಲಾಂಡ್ರಿಯಲ್ಲಿ ಬೇಸಿಗೆ ರಜೆಗೆ ಒಂದು ಪದ್ಧತಿಯಿದೆ. ಹೋಟೆಲು ತುಂಬಿ ತುಳುಕುವ ಕಾಲ, ಕೇಳಿದವರಿಗೆಲ್ಲ ಕೇಳಿದ ದಿನ ಕೊಡಲಾಗದು. ಹಾಗಾಗಿ ಮೇಲ್ವಿಚಾರಕಿ ಮೇಡಂ ದಿನಾಂಕಗಳನ್ನು ಚೀಟಿಗಳಲ್ಲಿ ಬರೆದು, ದಿಂಬಿನ ಚೀಲಕ್ಕೆ ಹಾಕಿ ಕುಲುಕುತ್ತಾರೆ. ಒಬ್ಬರಿಗೆ ಒಂದು ಚೀಟಿ, ಚೀಟಿಗೆ ಎರಡು ದಿನ. ಎಲ್ಲರ ಕಣ್ಣೂ ನಡುಬೇಸಿಗೆಯ ಚೀಟಿಯ ಮೇಲೆ. ಮೊದಲ ವಾರದ್ದು ಬಂದವರ ಮುಖ ಅಲ್ಲೇ ಬಾಡುತ್ತದೆ, ಆ ವಾರ ಮಳೆ ತಪ್ಪಿದ್ದೇ ಅಪರೂಪ. ಅದನ್ನು ಮಳೆಯ ಚೀಟಿ ಎಂದೇ ಕರೆಯುತ್ತಾರೆ.

ಈ ಸಲ ನಡುಬೇಸಿಗೆಯ ಚೀಟಿ ಇಸ್ತ್ರಿಯಕ್ಕನ ಕೈಗೆ ಬಂತು. ಮಳೆಯ ಚೀಟಿ, ಚಾದರ ಮಡಚುವ ಕೆಲಸದ ರೇಡಿಯೋ ಎಂಬವಳ ಪಾಲಿಗೆ. ಕೇಳಿದ ಸುದ್ದಿಯನ್ನೆಲ್ಲ ಊರಿಗೆ ಬಿತ್ತರಿಸುವವಳಾದ್ದರಿಂದ ಆ ಹೆಸರು. "ನನ್ನ ಹಣೆಬರಹವೇ ಇಷ್ಟು!" ಎಂದು ರೇಡಿಯೋ ಗೋಳಾಡುತ್ತಿದ್ದರೆ ಇಸ್ತ್ರಿಯಕ್ಕ ಒಂದೇ ದಿಂಬಿನ ಚೀಲದ ಮೇಲೆ ನಾಲ್ಕು ಸಲ ಇಸ್ತ್ರಿ ಎಳೆದಳು. ಅವಳ ತಲೆಯಲ್ಲಿ ಕಳೆದ ವರ್ಷದ ಮೆಟ್ಟಿಲಿತ್ತು. ಗಂಡ ಹೆದರಿದ್ದು ನೀರಿಗಲ್ಲ, ಚಳಿಗಲ್ಲ. ಜನರ ಕಣ್ಣಿಗೆ. ಬಿಸಿಲು ಬಂದರೆ ಜನ ಬಂದೇ ಬರುತ್ತಾರೆ. ಅಯ್ಯೋ ನನ್ನ ದಡ್ಡ ತಲೆಯೇ, ಇಷ್ಟು ದಿನ ಬಿಸಿಲಿಗೆ ಕಾದೆನಲ್ಲ ಎಂದುಕೊಂಡಳು.

"ಏ ರೇಡಿಯೋ, ಅಳು ಸಾಕು. ನಿನ್ನ ಚೀಟಿ ಕೊಡು, ನಂದು ತಗೋ."

"ಅಕ್ಕಾ, ಹಬೆ ಏನಾದ್ರೂ ತಲೆಗೇರಿದೆಯಾ?"

"ಏರಿದೆ. ಇಳಿಯೋದ್ರೊಳಗೆ ಕೊಟ್ಬಿಡು."

ಮೇಡಂ ಕನ್ನಡಕದ ಮೇಲಿನಿಂದ ನೋಡಿದರು. "ಆಮೇಲೆ ವಾಪಸ್ ಕೊಡಿಸಿ ಅಂತ ಬಂದ್ರೆ ನಾನು ಕೇಳಲ್ಲ."

"ಬಂದ್ರೆ ತಾನೆ ಮೇಡಂ?"

ಮರುದಿನ ಕೆಲಸ ಮುಗಿಸಿ, ಸುರಿಯುವ ಮಳೆಯಲ್ಲೇ ಮರಳಿಗೆ ಹೋಗಿ ಲೆಕ್ಕ ಹಾಕಿದಳು. ಒಂದು ನಾಯಿ, ಗೂಡಿನೊಳಗೆ ತೂಕಡಿಸುವ ಕಾವಲುಗಾರ. ಅಷ್ಟೇ ಜನಸಂಖ್ಯೆ. ಕಾವಲುಗಾರನನ್ನು ಎಬ್ಬಿಸಿ, ಮಳೆಯಲ್ಲಿ ನೀರಿಗೆ ಇಳಿಯಬಹುದಾ ಎಂದು ಕೇಳಿದಳು.

"ಸಿಡಿಲು ಇರಬಾರ್ದು, ಕೆಂಪು ಬಾವುಟ ಇರಬಾರ್ದು. ಇಳಿಬಹುದು. ಆದ್ರೆ ಇಂಥ ಮಳೇಲಿ ಯಾರಮ್ಮಾ ಇಳಿತಾರೆ?"

"ನಮ್ಮ ಯಜಮಾನ್ರು," ಅಂದಳು, ಆಗಲೇ ಇಳಿದಾಗಿದೆ ಎಂಬಂತೆ.

ಮನೆಯಲ್ಲಿ ತಯಾರಿ ಶುರುವಾಯಿತು. ಟಾರ್ಪಾಲು, ಎರಡು ಫ್ಲಾಸ್ಕು, ಉಣ್ಣೆಯ ಅಂಗಿ, ಅಂಚು ಹರಿದವೆಂದು ಹೋಟೆಲಿನವರು ಕೊಟ್ಟ ಆರು ಟವೆಲ್ಲು. ಮೊದಲ ವಾರ ಎಂದು ಕೇಳಿ, ಮಳೆಯಲ್ಲಿ ಎಲ್ಲಿಗೆ ಹೋಗುವುದು ಎಂದು ಗಂಡನಿಗೆ ಒಳಗೊಳಗೇ ಖುಷಿ. "ಅಯ್ಯೋ ಪಾಪ, ಮಳೆ ವಾರ ಸಿಕ್ತಾ?" ಎಂದು ಕನಿಕರ ಬೇರೆ ತೋರಿಸಿದ. ಆ ಖುಷಿ ನಾಲ್ಕು ದಿನವೂ ಉಳಿಯಲಿಲ್ಲ. ರೇಡಿಯೋ ಛತ್ರಿ ಕೊಡಲು ಕಿಟಕಿಗೆ ಬಂದವಳು, ಸುದ್ದಿಯನ್ನೂ ಕೊಟ್ಟು ಹೋದಳು.

ಇಸ್ತ್ರಿಯಕ್ಕ ಮನೆಗೆ ಬಂದಾಗ ಅವನು ಕೆಲಸ ಬಿಟ್ಟು ಕೂತಿದ್ದ.

"ಬಿಸಿಲಿನ ದಿನ ಕೊಟ್ಟು ಮಳೆ ಇಸ್ಕೊಂಡ್ಯಂತೆ. ನನ್ನ ಕಾಲು ಯಾರೂ ನೋಡಬಾರ್ದು ಅಂತಾನಾ?"

"ಹೂಂ."

"ಅಂದ್ರೆ ನಿಂಗೂ ನಾಚಿಕೆ."

ಆ ಮಾತು ಅವಳಿಗೆ ಚುಚ್ಚಿತು. ಕೈಚೀಲವನ್ನು ನೆಲಕ್ಕೆ ಕುಕ್ಕಿದಳು. "ನಂಗ್ಯಾಕ್ರೀ ನಾಚಿಕೆ? ದಿನಾ ಬೆಳಿಗ್ಗೆ ಆ ಕಾಲಿನ ಪಟ್ಟಿ ಬಿಗಿಯೋಳು ಯಾರು, ಪಕ್ಕದ ಮನೆಯವಳಾ? ನಾಚಿಕೆ ನಿಮಗೆ. ಅದನ್ನ ತೆಗೆಯೋಕೆ ನನ್ನ ಕೈಲಾಗಲ್ಲ. ಜನರನ್ನ ದೂರ ಇಡೋಕಾಗುತ್ತೆ, ಅಷ್ಟು ಮಾಡಿದ್ದೀನಿ. ಬಂದ್ರೆ ಬನ್ನಿ. ಇಲ್ಲಾಂದ್ರೆ ನಾನೇ ಪುಟ್ಟಿನ ಕರ್ಕೊಂಡು ನೀರಿಗಿಳಿತೀನಿ. ನಂಗೆ ಈಜು ಬರಲ್ಲ ಅಂತ ಗೊತ್ತಲ್ಲ, ಇಬ್ರೂ ಮುಳುಗಿ ಮನೆಗೆ ಬರ್ತೀವಿ!"

ಬಾಗಿಲ ಹತ್ತಿರ ನಿಂತಿದ್ದ ಪುಟ್ಟಿ ಕಿಸಕ್ಕನೆ ನಕ್ಕಳು. ಅವನು ನಗಲಿಲ್ಲ. ಮೇಜಿನ ಮೇಲಿದ್ದ ಛತ್ರಿಯನ್ನು ಪಕ್ಕಕ್ಕೆ ಸರಿಸಿ, "ಆ ಟಾರ್ಪಾಲು ತೂತಾಗಿದೆ. ತಾ ಇಲ್ಲಿ" ಅಂದ. ಛತ್ರಿ ಬಟ್ಟೆಯ ತೇಪೆ ಹಾಕಿ ಹೊಲಿದುಕೊಟ್ಟ.

ರಜೆಯ ದಿನ ಮಳೆ ಕೈಕೊಡಲಿಲ್ಲ. ಬಿರುಸೂ ಇಲ್ಲ, ಸಿಡಿಲೂ ಇಲ್ಲ, ಜಿಟಿಜಿಟಿ ಎಂದು ಹಿಡಿದುಕೊಂಡಿತ್ತು. ಮರಳು ಖಾಲಿ. ಮೆಟ್ಟಿಲ ಬಳಿ ಅವನು ಮತ್ತೆ ನಿಂತ. ಆಮೇಲೆ ಕಂಬಿ ಹಿಡಿದು ಇಳಿದ. ನೀರಿಗೆ ಹತ್ತು ಹೆಜ್ಜೆ ದೂರದಲ್ಲಿ ಕೂತು, ಪಟ್ಟಿ ಬಿಚ್ಚಿ, ಕಾಲನ್ನು ಟವೆಲ್ಲಿನ ಮೇಲೆ ಮಲಗಿಸಿದ. ಹೆಂಡತಿಯ ಹೆಗಲು ಹಿಡಿದು ಕುಂಟುತ್ತಾ ನೀರಿಗಿಳಿದ. "ಅಯ್ಯಯ್ಯೋ, ಮಂಜುಗಡ್ಡೆ!" ಎಂದು ಅವಳು ಕಿರುಚುತ್ತಿರುವಾಗಲೇ ಹೆಗಲು ಹಗುರಾಯಿತು. ನೋಡಿದರೆ ಅವನು ಆಚೆ ಈಜುತ್ತಿದ್ದಾನೆ, ಮೊದಲಿನ ಹಾಗೆಯೇ. ಅವಳು ಅತ್ತಳು. ಸಂತೋಷಕ್ಕೆ ಅತ್ತಳು, ಅದರಲ್ಲಿ ಮುಚ್ಚುಮರೆಯೇನು?

ಎದೆಮಟ್ಟದ ನೀರಿನಲ್ಲಿ ಒಂಟಿ ಕಾಲೂರಿ ನಿಂತು, ಅವನು ಪುಟ್ಟಿಯನ್ನು ಅಂಗೈ ಮೇಲೆ ಅಂಗಾತ ಮಲಗಿಸಿದ. "ಹೊಟ್ಟೆ ಮೇಲೆತ್ತು. ಉಸಿರು ಹಿಡಿ. ಹೆದರ್ಬೇಡ, ಅಪ್ಪ ಇದ್ದೀನಿ." ಒಂದು ಗಂಟೆ ಹೀಗೇ ಕಳೆಯಿತು.

ಆಗ ಮಳೆ ನಿಂತಿತು. ನಿಂತದ್ದಷ್ಟೇ ಅಲ್ಲ, ಮೋಡ ಹರಿದು ಬಿಸಿಲು ಸುರಿಯಿತು. ಇದೇ ಗಳಿಗೆಗೆ ಹೊಂಚು ಹಾಕಿದ್ದವರಂತೆ ಊರಿನ ಜನ ಚಾಪೆ ಹೊತ್ತು ಮೆಟ್ಟಿಲಿಳಿಯತೊಡಗಿದರು.

"ಹಾಳಾದ ಬಿಸಿಲೇ, ನಿಂಗೆ ಇವತ್ತೇ ಬೇಕಿತ್ತಾ!" ಇಸ್ತ್ರಿಯಕ್ಕ ಟವೆಲ್ಲು ಹಿಡಿದು ಮೊಣಕಾಲುದ್ದದ ನೀರಿಗೆ ನುಗ್ಗಿದಳು. "ರೀ, ಬೇಗ ಬನ್ನಿ! ಜನ ಬರ್ತಿದ್ದಾರೆ!"

ಅವನು ತಲೆಯೆತ್ತಿ ಮೆಟ್ಟಿಲು ನೋಡಿದ. ಅಂಗೈ ಮೇಲಿದ್ದ ಮಗಳನ್ನು ನೋಡಿದ. "ಸುಮ್ನಿರೇ, ಈಗ ತಾನೆ ಹದಕ್ಕೆ ಬರ್ತಿದ್ದಾಳೆ" ಎಂದು ಮೆಲ್ಲಗೆ ಕೈ ಕೆಳಗೆ ಸರಿಸಿದ. ಪುಟ್ಟಿ ಮುಳುಗಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ತೇಲಿದಳು.

ಅಷ್ಟರಲ್ಲಿ ಹಿಂದಿನಿಂದ ದೊಡ್ಡ ಗಂಟಲೊಂದು ಕೇಳಿತು. ದಪ್ಪ ಹೊಟ್ಟೆಯ ಮನುಷ್ಯನೊಬ್ಬ ಟವೆಲ್ಲಿನ ಮೇಲಿನ ಕಾಲಿನ ಎದುರು ನಿಂತುಬಿಟ್ಟಿದ್ದ. ಉಬ್ಬರದ ನೀರು ಅದರ ಹತ್ತಿರಕ್ಕೆ ಬಂದಿತ್ತು. "ಅಯ್ಯೋ, ಯಾರದ್ರೀ ಇದು? ಯಾರದು?" ಮೆಟ್ಟಿಲ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಏನಾದರೊಂದು ಸುಳ್ಳು ಹೇಳಲು ಇಸ್ತ್ರಿಯಕ್ಕ ಬಾಯಿ ತೆರೆಯುವ ಮೊದಲೇ, ನೀರಿನಿಂದ ಒಂದು ಕೈ ಎತ್ತರಕ್ಕೆ ಎದ್ದಿತು.

"ನಂದು ಸಾರ್! ಅಲೆ ತಾಗದ ಹಾಗೆ ಸ್ವಲ್ಪ ಮೇಲಕ್ಕಿಡಿ!"